ಸಂರಕ್ಷಿತ ಪ್ರೋಟೀನ್ ಗುಂಪುಗಳ ಗಣಕ ಶೋಧನೆ

ಸಂರಕ್ಷಿತ ಪ್ರೋಟೀನ್ ಗುಂಪುಗಳ ಗಣಕ ಶೋಧನೆ ಎಂಬುದು ಹಲವು ಜೀವಿಪ್ರಭೇದಗಳ ಪ್ರೋಟೀನುಗಳನ್ನು ಕಂಪ್ಯೂಟರಿನಲ್ಲಿ ಒಂದಕ್ಕೊಂದು ಹೋಲಿಸಿ, ಆ ಪ್ರಭೇದಗಳ ಸಮಾನ ಪೂರ್ವಜದಲ್ಲಿದ್ದ ಒಂದೇ ಜೀನಿನಿಂದ ಇಳಿದುಬಂದವನ್ನು ಒಂದೊಂದು ಗುಂಪಾಗಿ ಬೇರ್ಪಡಿಸುವ ವಿಧಾನಗಳ ಒಟ್ಟು ಹೆಸರು. ಇದು ಜೀವಮಾಹಿತಿ ವಿಜ್ಞಾನದ ಒಂದು ಶಾಖೆ. ವಿಕಾಸವಾದ, ಸಂಖ್ಯಾಶಾಸ್ತ್ರ ಮತ್ತು ಗಣಕವಿಜ್ಞಾನ ಇಲ್ಲಿ ಕೂಡುತ್ತವೆ.

ಜೀನೋಮ್ ಓದುವ ಖರ್ಚು ಇಳಿದಮೇಲೆ ಪ್ರೋಟೀನುಗಳ ಅಮೈನೋ ಆಮ್ಲ ಸರಣಿ ಸುಲಭವಾಗಿ ಸಿಗುತ್ತಿದೆ. ಆ ಪ್ರೋಟೀನು ಮಾಡುವ ಕೆಲಸವೇನು ಎಂಬುದು ಅಷ್ಟು ಸುಲಭವಾಗಿ ತಿಳಿಯುವುದಿಲ್ಲ. ಒಂದೊಂದೇ ಜೀನನ್ನು ಕೆಡಿಸಿ ಪರಿಣಾಮ ನೋಡುವಷ್ಟು ಪ್ರಯೋಗಗಳು ಯೀಸ್ಟ್, ಇಲಿ, ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡ, ಭತ್ತ ಇಂಥ ಕೆಲವೇ ಜೀವಿಗಳಲ್ಲಿ ನಡೆದಿವೆ. ಅಣ್ಣಿಗೇರಿ, ನವಲಗುಂದದ ಎರೆಹೊಲದ ಕಡಲೆ, ಕುಂದಗೋಳದ ಮೆಣಸಿನಕಾಯಿ ಮತ್ತು ಶೇಂಗಾ, ಕಲಘಟಗಿಯ ಸೋಯಾಬೀನ್ ಇವುಗಳ ಬಹುಪಾಲು ಜೀನುಗಳ ಬಗೆಗಿನ ತಿಳಿವಳಿಕೆ ಬೇರೆ ಸಸ್ಯಗಳಿಂದಲೇ ಬರಬೇಕಾಗಿದೆ. ಯಾವ ಜೀನಿನ ಬಗ್ಗೆ ತಿಳಿದದ್ದನ್ನು ಯಾವ ಜೀನಿಗೆ ಅನ್ವಯಿಸಬಹುದು ಎಂಬುದಕ್ಕೆ ಈ ಗುಂಪುಗಳೇ ಆಧಾರ. ಈ ಲೇಖನದ ಉದಾಹರಣೆಗಳನ್ನು ಆದಷ್ಟು ಧಾರವಾಡ ಜಿಲ್ಲೆಯ ಬೆಳೆಗಳಿಂದಲೇ ಆಯ್ದುಕೊಂಡಿದೆ.

ಪರಿಭಾಷೆ

ಒಂದೇ ಪೂರ್ವಜ ಜೀನಿನಿಂದ ಬಂದ ಎರಡು ಪ್ರೋಟೀನುಗಳು ಸಮಮೂಲ ಪ್ರೋಟೀನುಗಳು. ಸಮಮೂಲತೆ ಇದೆ ಅಥವಾ ಇಲ್ಲ, ಅಷ್ಟೆ, ಅದಕ್ಕೆ ಪ್ರಮಾಣವಿಲ್ಲ. ಪ್ರಮಾಣವಿರುವುದು ಹೋಲಿಕೆಗೆ. ಎರಡು ಸರಣಿಗಳು ಶೇಕಡ 60ರಷ್ಟು ಹೋಲುತ್ತವೆ ಎನ್ನಬಹುದು, ಶೇಕಡ 60ರಷ್ಟು ಸಮಮೂಲವಾಗಿವೆ ಎನ್ನಲಾಗದು. ಹೋಲಿಕೆ ಕಣ್ಣಿಗೆ ಕಾಣುವ ಸಾಕ್ಷ್ಯ, ಸಮಮೂಲತೆ ಅದರಿಂದ ಮಾಡಿದ ತೀರ್ಮಾನ.

ಸಮಮೂಲ ಜೀನುಗಳಲ್ಲಿ ಎರಡು ಮುಖ್ಯ ಬಗೆ. ಒಂದು ಪ್ರಭೇದ ಎರಡಾಗಿ ಕವಲೊಡೆದಾಗ ಬೇರೆಯಾದವು ಆರ್ಥೊಲಾಗ್‌ಗಳು. ಒಂದೇ ಜೀನೋಮಿನೊಳಗೆ ಜೀನು ಇಮ್ಮಡಿಸಿದ್ದರಿಂದ ಬೇರೆಯಾದವು ಪ್ಯಾರಲಾಗ್‌ಗಳು. ಮನುಷ್ಯನ ಆಲ್ಫಾ ಗ್ಲೋಬಿನ್ ಮತ್ತು ಕುದುರೆಯ ಆಲ್ಫಾ ಗ್ಲೋಬಿನ್ ಆರ್ಥೊಲಾಗ್‌ಗಳು. ಮನುಷ್ಯನ ಆಲ್ಫಾ ಮತ್ತು ಬೀಟಾ ಗ್ಲೋಬಿನ್‌ಗಳು ಪ್ಯಾರಲಾಗ್‌ಗಳು. ಮನುಷ್ಯನ ಆಲ್ಫಾ ಮತ್ತು ಕುದುರೆಯ ಬೀಟಾ ಕೂಡ ಪ್ಯಾರಲಾಗ್‌ಗಳೇ, ಏಕೆಂದರೆ ಅವೆರಡನ್ನು ಬೇರ್ಪಡಿಸಿದ ಘಟನೆ ಇಮ್ಮಡಿಕೆ. ಎರಡು ಜೀನುಗಳು ಇಂದು ಯಾವ ಯಾವ ಪ್ರಾಣಿಯಲ್ಲಿವೆ ಎಂಬುದು ಇಲ್ಲಿ ಮುಖ್ಯವಲ್ಲ, ಅವು ಯಾವ ಘಟನೆಯಿಂದ ಬೇರೆಯಾದವು ಎಂಬುದೇ ಮುಖ್ಯ.

ಹೋಲಿಸುತ್ತಿರುವ ಎರಡು ಪ್ರಭೇದಗಳು ಕವಲೊಡೆದ ಮೇಲೆ ನಡೆದ ಇಮ್ಮಡಿಕೆಯಿಂದ ಹುಟ್ಟಿದವು ಒಳ-ಪ್ಯಾರಲಾಗ್‌ಗಳು, ಅದಕ್ಕೂ ಮುಂಚಿನದರಿಂದ ಹುಟ್ಟಿದವು ಹೊರ-ಪ್ಯಾರಲಾಗ್‌ಗಳು. ಎರಡು ಪ್ರಭೇದಗಳ ಸಂಕರದಿಂದ ಒಂದೇ ಜೀನೋಮಿನಲ್ಲಿ ಕೂಡಿಬಂದ ಜೋಡಿಗಳನ್ನು ಹೋಮಿಯೊಲಾಗ್ ಎನ್ನುತ್ತಾರೆ. ತಾಯಿಯಿಂದ ಮರಿಗೆ ಇಳಿಯದೆ ಒಂದು ಜೀವಿಯಿಂದ ಇನ್ನೊಂದಕ್ಕೆ ಅಡ್ಡಹಾಯ್ದು ಬಂದ ಜೀನುಗಳು ಕ್ಸೀನೊಲಾಗ್‌ಗಳು.

ಆರ್ಥೊಗುಂಪು ಎಂದರೆ ಆಯ್ದ ಒಂದು ಪೂರ್ವಜದಲ್ಲಿದ್ದ ಒಂದು ಜೀನಿನಿಂದ ಇಳಿದ ಎಲ್ಲ ಜೀನುಗಳ ಕೂಟ. ಒಳ-ಪ್ಯಾರಲಾಗ್‌ಗಳೂ ಇದರಲ್ಲಿ ಸೇರುತ್ತವೆ. ಆದ್ದರಿಂದ ಯಾವ ಪೂರ್ವಜವನ್ನು ಉದ್ದೇಶಿಸಿದೆ ಎಂದು ಹೇಳದೆ ಆರ್ಥೊಗುಂಪಿನ ಮಾತಾಡುವುದು ಅಪೂರ್ಣ.

ಮೂಲ ಮತ್ತು ಬೆಳವಣಿಗೆ

ಪ್ರೋಟೀನ್ ಸರಣಿಗಳನ್ನು ವಿಕಾಸದ ದಾಖಲೆಯೆಂದು ಓದುವ ಕ್ರಮ 1960ರ ದಶಕದ್ದು. ಎಮಿಲ್ ಜುಕರ್‌ಕಾಂಡಲ್ ಮತ್ತು ಲೈನಸ್ ಪಾಲಿಂಗ್ ಗ್ಲೋಬಿನ್‌ಗಳನ್ನು ಹೋಲಿಸಿ ಆ ದಾರಿ ತೆರೆದರು. ಮಾರ್ಗರೆಟ್ ಡೇಹಾಫ್ 1965ರಲ್ಲಿ ಆವರೆಗೆ ತಿಳಿದಿದ್ದ ಪ್ರೋಟೀನ್ ಸರಣಿಗಳನ್ನೆಲ್ಲ ಒಂದು ಪುಸ್ತಕದಲ್ಲಿ ಸಂಕಲಿಸಿದರು; ಯಾವ ಅಮೈನೋ ಆಮ್ಲ ಯಾವುದಾಗಿ ಎಷ್ಟು ಸಲೀಸಾಗಿ ಬದಲಾಗುತ್ತದೆ ಎಂಬ ಅಂಕಪಟ್ಟಿಯನ್ನೂ ಮುಂದೆ ರೂಪಿಸಿದರು. ಆರ್ಥೊಲಾಗ್, ಪ್ಯಾರಲಾಗ್ ಎಂಬ ವ್ಯತ್ಯಾಸವನ್ನು ವಾಲ್ಟರ್ ಫಿಚ್ 1970ರಲ್ಲಿ ಮುಂದಿಟ್ಟ. ಜೀನ್ ಇಮ್ಮಡಿಕೆಯೇ ಹೊಸ ಜೀನುಗಳ ಮುಖ್ಯ ಮೂಲ ಎಂದು ವಾದಿಸಿದ ಸುಸುಮು ಓಹ್ನೋನ ಗ್ರಂಥ ಬಂದದ್ದೂ ಅದೇ ವರ್ಷ.

ಇಡೀ ಜೀನೋಮುಗಳು ಕೈಗೆ ಸಿಗುವವರೆಗೆ ಗುಂಪು ಕಟ್ಟುವ ಕೆಲಸ ಬಿಡಿ ಕುಟುಂಬಗಳಿಗೆ ಸೀಮಿತವಾಗಿತ್ತು. 1995ರಲ್ಲಿ ಹೀಮೊಫಿಲಸ್ ಇನ್‌ಫ್ಲುಯೆಂಜೆ ಬ್ಯಾಕ್ಟೀರಿಯದ ಪೂರ್ಣ ಜೀನೋಮ್ ಪ್ರಕಟವಾಯಿತು. ಎರಡು ವರ್ಷಗಳಲ್ಲಿ, 1997ರಲ್ಲಿ, ರೋಮನ್ ತತುಸೊವ್, ಯೂಜೀನ್ ಕೂನಿನ್ ಮತ್ತು ಡೇವಿಡ್ ಲಿಪ್ಮನ್ ಏಳು ಪೂರ್ಣ ಜೀನೋಮುಗಳನ್ನು ಹೋಲಿಸಿ 720 ಗುಂಪುಗಳ ಪಟ್ಟಿ ಕೊಟ್ಟರು. ಕಾಗ್ ಎಂದು ಹೆಸರಾದ ಆ ಪಟ್ಟಿಯೇ ಈ ಕ್ಷೇತ್ರದ ನಿಜವಾದ ಆರಂಭ. ಪೂರ್ಣ ಜೀನೋಮ್ ಇದ್ದಾಗ ಮಾತ್ರ ಒಂದು ಜೀನು ಇನ್ನೊಂದು ಪ್ರಭೇದದಲ್ಲಿ ಇಲ್ಲವೆಂದು ಹೇಳಬಹುದು. ಇಲ್ಲ ಎಂಬ ಮಾತಿಗೆ ತೂಕ ಬಂದದ್ದು ಆಗಲೇ.

ಆಮೇಲಿನ ಮಜಲುಗಳು ಬೇಗ ಬೇಗ ಬಂದವು: 2001ರಲ್ಲಿ ಇನ್‌ಪ್ಯಾರನಾಯ್ಡ್, 2003ರಲ್ಲಿ ಆರ್ಥೊಎಂಸಿಎಲ್, 2015ರಲ್ಲಿ ಡೇವಿಡ್ ಎಮ್ಸ್ ಮತ್ತು ಸ್ಟೀವನ್ ಕೆಲ್ಲಿ ಆಕ್ಸ್‌ಫರ್ಡಿನಲ್ಲಿ ರೂಪಿಸಿದ ಆರ್ಥೊಫೈಂಡರ್.

ಹೋಲಿಕೆಯ ಅಳತೆ

ಎಲ್ಲ ವಿಧಾನಗಳ ಮೊದಲ ಹೆಜ್ಜೆ ಒಂದೇ: ಎರಡು ಸರಣಿಗಳನ್ನು ಅಕ್ಷರಕ್ಕೆ ಅಕ್ಷರ ಹೊಂದಿಸಿ ಅಂಕ ಕೊಡುವುದು. 1970ರ ನೀಡಲ್‌ಮನ್–ವುನ್ಶ್ ಕ್ರಮವಿಧಿ ಎರಡು ಸರಣಿಗಳನ್ನು ತುದಿಯಿಂದ ತುದಿಗೆ ಹೊಂದಿಸುತ್ತದೆ; 1981ರ ಸ್ಮಿತ್–ವಾಟರ್‌ಮನ್ ಕ್ರಮವಿಧಿ ಅತ್ಯುತ್ತಮವಾಗಿ ಹೊಂದುವ ತುಣುಕನ್ನು ಹುಡುಕುತ್ತದೆ. ಎರಡೂ ಕರಾರುವಾಕ್ಕು, ಎರಡೂ ನಿಧಾನ. ಹತ್ತು ಬೆಳೆಗಳು, ತಲಾ 30,000 ಪ್ರೋಟೀನು ಎಂದಿಟ್ಟುಕೊಂಡರೆ ಪ್ರತಿಯೊಂದನ್ನೂ ಪ್ರತಿಯೊಂದರೊಂದಿಗೆ ಇಡಲು 9,000 ಕೋಟಿ ಹೋಲಿಕೆಗಳು ಬೇಕು. 1990ರ ಬ್ಲಾಸ್ಟ್ ಚಿಕ್ಕ ತುಣುಕುಗಳು ಕೂಡಿದಲ್ಲಿ ಮಾತ್ರ ಹೊಂದಿಕೆಯನ್ನು ಬೆಳೆಸಿ ಈ ಕೆಲಸವನ್ನು ಸಾಧ್ಯವಾಗಿಸಿತು. 2015ರ ಡೈಮಂಡ್ ಮತ್ತು 2017ರ ಎಂಎಂಸೀಕ್ಸ್2 ಅದನ್ನು ಇನ್ನೂ ಬಹಳ ವೇಗಗೊಳಿಸಿದವು. ಒಂದು ಹೋಲಿಕೆ ಆಕಸ್ಮಿಕವಾಗಿ ಬರುವ ನಿರೀಕ್ಷೆ ಎಷ್ಟು ಎಂಬುದನ್ನು ಇ-ಮೌಲ್ಯ ಹೇಳುತ್ತದೆ. ಅದು ದತ್ತಕೋಶದ ಗಾತ್ರವನ್ನು ಅವಲಂಬಿಸಿರುವುದರಿಂದ ಬೇರೆ ಬೇರೆ ಹುಡುಕಾಟಗಳ ಇ-ಮೌಲ್ಯಗಳನ್ನು ಹಾಗೆಯೇ ಪಕ್ಕಪಕ್ಕ ಇಡಬಾರದು.

ಬಹಳ ದೂರದ ನಂಟನ್ನು ಒಂಟಿ ಸರಣಿ ತೋರಿಸಲಾರದು. ಅದಕ್ಕೆ ಇಡೀ ಕುಟುಂಬದ ಸರಣಿಗಳನ್ನು ಹೊಂದಿಸಿ, ಯಾವ ಸ್ಥಾನ ಬದಲಾಗದು, ಯಾವುದು ಬದಲಾದೀತು ಎಂಬ ಸಂಭಾವ್ಯತಾ ಮಾದರಿ ಕಟ್ಟುತ್ತಾರೆ. ಹೆಚ್‌ಎಂಎಂಇಆರ್ ತಂತ್ರಾಂಶ ಮತ್ತು ಪಿಫ್ಯಾಮ್ ಸಂಚಯ ಈ ಬಗೆಯವು. ಇವು ಗುರುತಿಸುವುದು ಹೆಚ್ಚಾಗಿ ಡೊಮೈನುಗಳನ್ನು, ಅಂದರೆ ಪ್ರೋಟೀನಿನೊಳಗೆ ತಾನಾಗಿ ಮಡಚಿಕೊಳ್ಳುವ ಘಟಕಗಳನ್ನು. ಒಂದೇ ಡೊಮೈನ್ ಇರುವುದೆಲ್ಲ ಆರ್ಥೊಲಾಗ್ ಆಗುವುದಿಲ್ಲ.

ಗುಂಪು ಕಟ್ಟುವ ವಿಧಾನಗಳು

ಅತ್ಯಂತ ಸರಳವಾದದ್ದು ಪರಸ್ಪರ ಶ್ರೇಷ್ಠ ಹೊಂದಿಕೆ. ಕಡಲೆಯ ಒಂದು ಪ್ರೋಟೀನಿಗೆ ಹೆಸರುಕಾಳಿನಲ್ಲಿ ಅತಿ ಹೆಚ್ಚು ಅಂಕ ಗಳಿಸಿದ ಪ್ರೋಟೀನು ಯಾವುದೋ, ಅದಕ್ಕೆ ಕಡಲೆಯಲ್ಲಿ ಅತಿ ಹೆಚ್ಚು ಅಂಕ ಗಳಿಸಿದ್ದು ಮೊದಲಿನದೇ ಆಗಿದ್ದರೆ ಎರಡನ್ನೂ ಆರ್ಥೊಲಾಗ್ ಎಂದು ತೆಗೆದುಕೊಳ್ಳುತ್ತಾರೆ. ಇದರ ಕೊರತೆ ಎರಡು. ಒಂದು ಪ್ರಭೇದದಲ್ಲಿ ಎರಡು ಒಳ-ಪ್ಯಾರಲಾಗ್‌ಗಳಿದ್ದರೆ ಒಂದು ಮಾತ್ರ ಆಯ್ಕೆಯಾಗಿ ಇನ್ನೊಂದು ಬಿಟ್ಟುಹೋಗುತ್ತದೆ. ಹಳೆಯ ಜೋಡಿಯಲ್ಲಿ ಒಂದು ಪ್ರಭೇದ ಒಂದನ್ನೂ ಇನ್ನೊಂದು ಪ್ರಭೇದ ಮತ್ತೊಂದನ್ನೂ ಕಳೆದುಕೊಂಡಿದ್ದರೆ, ಉಳಿದ ಎರಡು ಪ್ಯಾರಲಾಗ್‌ಗಳೇ ಆರ್ಥೊಲಾಗ್‌ಗಳಂತೆ ಕಾಣುತ್ತವೆ. ಕಾಗ್ ಪಟ್ಟಿ ಇದೇ ತತ್ವವನ್ನು ಮೂರು ದೂರದ ವಂಶಗಳ ತ್ರಿಕೋನವಾಗಿ ವಿಸ್ತರಿಸಿತು. ಒಂದು ಬಾಹು ಸಮಾನವಾಗಿರುವ ತ್ರಿಕೋನಗಳನ್ನು ಕೂಡಿಸುತ್ತ ಗುಂಪು ಬೆಳೆಸಿತು. ಇನ್‌ಪ್ಯಾರನಾಯ್ಡ್ ಎರಡು ಪ್ರಭೇದಗಳ ನಡುವಿನ ಶ್ರೇಷ್ಠ ಜೋಡಿಯನ್ನು ಬೀಜವಾಗಿಟ್ಟುಕೊಂಡು, ಆ ಜೋಡಿಗಿಂತ ಹೆಚ್ಚು ಹತ್ತಿರವಿರುವ ಸ್ವಪ್ರಭೇದದ ಪ್ರೋಟೀನುಗಳನ್ನು ಒಳ-ಪ್ಯಾರಲಾಗ್‌ಗಳೆಂದು ಸೇರಿಸುತ್ತದೆ.

ಹಲವು ಪ್ರಭೇದಗಳನ್ನು ಒಟ್ಟಿಗೆ ಇಟ್ಟಾಗ ಜಾಲ ವಿಧಾನ ಬರುತ್ತದೆ. ಇಲ್ಲಿ ಪ್ರತಿ ಪ್ರೋಟೀನು ಒಂದು ಬಿಂದು, ಪ್ರತಿ ಹೋಲಿಕೆ ಒಂದು ಕೊಂಡಿ, ಹೋಲಿಕೆಯ ಅಂಕವೇ ಕೊಂಡಿಯ ತೂಕ. ಕೊಂಡಿಯಿದ್ದ ಮಾತ್ರಕ್ಕೆ ಎಲ್ಲವನ್ನೂ ಕೂಡಿಸಿದರೆ ಒಂದು ತಪ್ಪು ಕೊಂಡಿಯಿಂದ ಎರಡು ಕುಟುಂಬಗಳು ಬೆಸೆದುಕೊಳ್ಳುತ್ತವೆ. ಇದನ್ನು ತಪ್ಪಿಸಲು ಬಹಳ ಬಳಕೆಯಲ್ಲಿರುವುದು ಸ್ಟೈನ್ ವಾನ್ ಡೋಂಗೆನ್ 2000ರಲ್ಲಿ ಮಂಡಿಸಿದ ಮಾರ್ಕೊವ್ ಗುಂಪುಗಾರಿಕೆ, ಅಂದರೆ ಎಂಸಿಎಲ್. ಗೊತ್ತುಗುರಿಯಿಲ್ಲದೆ ಊರೊಳಗೆ ತಿರುಗುವವನು ಒಂದೇ ಕೇರಿಯ ಓಣಿಗಳಲ್ಲಿ ಹೆಚ್ಚು ಹೊತ್ತು ಸುತ್ತುತ್ತಾನೆ, ಏಕೆಂದರೆ ಕೇರಿಯೊಳಗೆ ದಾರಿಗಳು ಹೆಚ್ಚು, ಕೇರಿಯಿಂದ ಕೇರಿಗೆ ಕಡಿಮೆ. ಜಾಲದ ಮೇಲೆ ಅಂಥ ನಡಿಗೆಯನ್ನು ಎಂಸಿಎಲ್ ಕೋಷ್ಟಕಗಳ ಗುಣಾಕಾರದಿಂದ ಲೆಕ್ಕಹಾಕುತ್ತದೆ. ಹಿಗ್ಗಿಸುವ ಹಂತದಲ್ಲಿ ನಡಿಗೆ ಮುಂದುವರಿಯುತ್ತದೆ. ಉಬ್ಬಿಸುವ ಹಂತದಲ್ಲಿ ಬಲವಾದ ದಾರಿಗಳು ಇನ್ನೂ ಬಲವಾಗಿ, ಬಡ ದಾರಿಗಳು ಸೊರಗುತ್ತವೆ. ಎರಡೂ ಸರದಿಯಂತೆ ನಡೆದು ಕೊನೆಗೆ ಜಾಲ ತಾನಾಗಿ ತುಂಡಾಗುತ್ತದೆ. ಉಬ್ಬಿಸುವ ಘಾತಾಂಕವನ್ನು ಹೆಚ್ಚಿಸಿದರೆ ಗುಂಪುಗಳು ಸಣ್ಣವಾಗಿ ಹಲವಾಗುತ್ತವೆ, ತಗ್ಗಿಸಿದರೆ ದೊಡ್ಡವಾಗಿ ಕೆಲವಾಗುತ್ತವೆ, 1.5 ರೂಢಿಯ ಮೌಲ್ಯ. ಈ ಅಂಕೆಯನ್ನು ನಿಸರ್ಗ ಕೊಟ್ಟಿಲ್ಲ, ಸಂಶೋಧಕ ಆರಿಸಿಕೊಂಡಿದ್ದಾನೆ. ಪ್ರಕಟಿತ ಗುಂಪುಗಳ ಸಂಖ್ಯೆಯನ್ನು ಓದುವಾಗ ಇದನ್ನು ಮರೆಯಬಾರದು.

ಆರ್ಥೊಎಂಸಿಎಲ್ ಈ ಕ್ರಮವನ್ನು ಆರ್ಥೊಲಾಗ್ ಶೋಧಕ್ಕೆ ಅಳವಡಿಸಿತು. ಆದರೆ ಬ್ಲಾಸ್ಟ್ ಅಂಕಗಳಲ್ಲಿ ಉದ್ದದ ಪಕ್ಷಪಾತವಿದೆ: ಉದ್ದ ಪ್ರೋಟೀನುಗಳಿಗೆ ಹೆಚ್ಚು ಅಂಕ, ಗಿಡ್ಡವಕ್ಕೆ ಕಡಿಮೆ. ಹೀಗಾಗಿ ಗಿಡ್ಡ ಪ್ರೋಟೀನುಗಳು ಗುಂಪಿನಿಂದ ಜಾರುತ್ತಿದ್ದವು, ಉದ್ದನೆಯವು ಸೇರಬಾರದ ಗುಂಪಿಗೆ ಸೇರುತ್ತಿದ್ದವು. ಆರ್ಥೊಫೈಂಡರ್ ಪ್ರತಿ ಪ್ರಭೇದ ಜೋಡಿಗೂ ಉದ್ದ ಮತ್ತು ವಿಕಾಸದ ದೂರಕ್ಕೆ ತಕ್ಕಂತೆ ಅಂಕ ತಿದ್ದಿ ಈ ದೋಷವನ್ನು ಬಹುಮಟ್ಟಿಗೆ ನೀಗಿತು. ಜ್ಯೂರಿಕ್‌ನಲ್ಲಿ ಹುಟ್ಟಿದ ಓಎಂಎ ಯೋಜನೆ ಇನ್ನೂ ಕಟ್ಟುನಿಟ್ಟಿನದು: ಒಂದೆರಡು ಪ್ರಭೇದಗಳಲ್ಲಿ ಜೀನು ಕಳೆದುಹೋಗಿದ್ದರೆ ಮೂರನೆಯ ಪ್ರಭೇದವನ್ನು ಸಾಕ್ಷಿಯಾಗಿಟ್ಟು ತಪ್ಪು ಜೋಡಿಯನ್ನು ತಳ್ಳಿಹಾಕುತ್ತದೆ.

ವಂಶವೃಕ್ಷ ವಿಧಾನದಲ್ಲಿ ಒಂದು ಕುಟುಂಬದ ಎಲ್ಲ ಸರಣಿಗಳಿಂದ ಜೀನ್ ವೃಕ್ಷ ಕಟ್ಟಿ ಅದನ್ನು ಪ್ರಭೇದ ವೃಕ್ಷದ ಮೇಲೆ ಇಟ್ಟು ನೋಡುತ್ತಾರೆ. ಎರಡೂ ಒಪ್ಪಿದ ಕವಲು ಪ್ರಭೇದೋತ್ಪತ್ತಿ, ಒಪ್ಪದ ಕಡೆ ಇಮ್ಮಡಿಕೆ ಅಥವಾ ನಷ್ಟ. ಮೋರಿಸ್ ಗುಡ್‌ಮನ್ ಮತ್ತು ಸಂಗಡಿಗರು 1979ರಲ್ಲಿ ಈ ಮೇಳೈಕೆಯ ತತ್ವವನ್ನು ಕೊಟ್ಟರು. ಫಿಚ್‌ನ ವ್ಯಾಖ್ಯೆಗೆ ಅತಿ ನಿಷ್ಠವಾದದ್ದು ಇದೇ. ಆದರೆ ವೃಕ್ಷ ತಪ್ಪಿದರೆ ಇಲ್ಲದ ಇಮ್ಮಡಿಕೆ, ಇಲ್ಲದ ನಷ್ಟ ಲೆಕ್ಕಕ್ಕೆ ಬರುತ್ತವೆ. 2019ರ ನಂತರದ ಆರ್ಥೊಫೈಂಡರ್ ಮೊದಲು ಜಾಲದಿಂದ ಒರಟು ಗುಂಪು ಮಾಡಿ, ಆಮೇಲೆ ಪ್ರತಿ ಗುಂಪಿಗೂ ವೃಕ್ಷ ಕಟ್ಟಿ ಶ್ರೇಣೀಕೃತ ಆರ್ಥೊಗುಂಪುಗಳನ್ನು ಕೊಡುತ್ತದೆ. ಇಂದಿನ ಕೆಲಸಕ್ಕೆ ಹೆಚ್ಚು ಭರವಸೆಯ ದಾರಿ ಈ ಮಿಶ್ರ ವಿಧಾನವೇ.

ಸಸ್ಯಗಳಲ್ಲಿ ಜೀನುಗಳ ನೆರೆಹೊರೆಯೂ ಒಳ್ಳೆಯ ಸಾಕ್ಷಿ. ಎರಡು ಪ್ರಭೇದಗಳ ಕ್ರೋಮೊಸೋಮುಗಳಲ್ಲಿ ಅಕ್ಕಪಕ್ಕದ ಜೀನುಗಳ ಸಾಲು ಒಂದೇ ಕ್ರಮದಲ್ಲಿ ಉಳಿದಿದ್ದರೆ ಆ ಸಾಲಿನ ನಡುವಿನ ಜೋಡಿ ಆರ್ಥೊಲಾಗ್ ಆಗಿರುವ ಸಂಭವ ಹೆಚ್ಚು. ಇಂಥ ಸಾಲುಗಳನ್ನು ಹುಡುಕುವ ಎಂಸಿಸ್ಕ್ಯಾನ್‌ಎಕ್ಸ್ 2012ರದು.

ಧಾರವಾಡದ ಬೆಳೆಗಳಲ್ಲಿ ಪ್ರಯೋಗ

ಜಿಲ್ಲೆಯ ದ್ವಿದಳ ಬೆಳೆಗಳು ಈ ವಿಧಾನಗಳ ಶಕ್ತಿ ಮತ್ತು ಮಿತಿ ಎರಡನ್ನೂ ಚೆನ್ನಾಗಿ ತೋರಿಸುತ್ತವೆ. ಇವುಗಳ ಜೀನೋಮುಗಳು ಒಂದೊಂದಾಗಿ ಪ್ರಕಟವಾಗಿವೆ: ಸೋಯಾಬೀನ್ 2010ರಲ್ಲಿ, ಕಡಲೆ 2013ರಲ್ಲಿ, ಹೆಸರು 2014ರಲ್ಲಿ, ಶೇಂಗಾದ ಎರಡು ಕಾಡು ಪೂರ್ವಜಗಳು 2016ರಲ್ಲಿ, ಬೆಳೆಯುವ ಶೇಂಗಾ 2019ರಲ್ಲಿ. ಆ ಮೊದಲ ಎಣಿಕೆಗಳ ಪ್ರಕಾರ ಕಡಲೆಯಲ್ಲಿ 28,269, ಹೆಸರಿನಲ್ಲಿ 22,427, ಸೋಯಾಬೀನಿನಲ್ಲಿ 46,430 ಜೀನುಗಳು.

ಸೋಯಾಬೀನಿನ ಸಂಖ್ಯೆ ದೊಡ್ಡದಾಗಲು ಕಾರಣವಿದೆ. ಸುಮಾರು 5.9 ಕೋಟಿ ವರ್ಷಗಳ ಹಿಂದೆ, ಈ ಬೆಳೆಗಳ ಸಮಾನ ಪೂರ್ವಜದಲ್ಲಿ, ಇಡೀ ಜೀನೋಮ್ ಒಮ್ಮೆ ಇಮ್ಮಡಿಸಿತು. ಸುಮಾರು 1.3 ಕೋಟಿ ವರ್ಷಗಳ ಹಿಂದೆ ಸೋಯಾಬೀನಿನ ವಂಶದಲ್ಲಿ ಮಾತ್ರ ಅದು ಮತ್ತೊಮ್ಮೆ ಇಮ್ಮಡಿಸಿತು. ಸೋಯಾಬೀನಿನ ಮುಕ್ಕಾಲು ಪಾಲು ಜೀನುಗಳು ಇಂದಿಗೂ ಒಂದಕ್ಕಿಂತ ಹೆಚ್ಚು ಪ್ರತಿಗಳಲ್ಲಿವೆ. ಹೀಗಾಗಿ ಏನೂ ನಷ್ಟವಾಗದ ಒಂದು ಜೀನನ್ನು ತೆಗೆದುಕೊಂಡರೆ ಕಡಲೆಯಲ್ಲಿ ಎರಡು, ಸೋಯಾಬೀನಿನಲ್ಲಿ ನಾಲ್ಕು ಪ್ರತಿಗಳು ಇರುತ್ತವೆ. ಕಡಲೆಯ ಮೊದಲ ಪ್ರತಿಗೆ ಸೋಯಾಬೀನಿನ ನಾಲ್ಕೂ ಸಮಮೂಲ. ಆರ್ಥೊಲಾಗ್ ಮಾತ್ರ ಎರಡೇ. ಉಳಿದೆರಡು ಹೊರ-ಪ್ಯಾರಲಾಗ್‌ಗಳು, ಕಡಲೆಯ ಎರಡನೆಯ ಪ್ರತಿಗೆ ಸೇರಿದವು. ದ್ವಿದಳಗಳ ಪೂರ್ವಜವನ್ನು ಆಧಾರವಾಗಿಟ್ಟರೆ ಮೂರು ಮೂರು ಸದಸ್ಯರ ಎರಡು ಆರ್ಥೊಗುಂಪುಗಳಾಗುತ್ತವೆ. ಹೋಲಿಕೆಗೆ ಅರಬಿಡಾಪ್ಸಿಸ್ ಸೇರಿಸಿ ಅದಕ್ಕಿಂತ ಹಳೆಯ ಪೂರ್ವಜವನ್ನು ಆಧಾರವಾಗಿಟ್ಟರೆ ಆರೂ ಒಂದೇ ಗುಂಪು. ಎರಡು ಉತ್ತರಗಳೂ ಸರಿ. ಪ್ರಶ್ನೆ ಬೇರೆ ಬೇರೆ. ಕಲಘಟಗಿಯ ಸೋಯಾಬೀನಿನಲ್ಲಿ ತಿಳಿದ ಗುಣವನ್ನು ಅಣ್ಣಿಗೇರಿಯ ಕಡಲೆಯಲ್ಲಿ ಹುಡುಕುವ ತಳಿವಿಜ್ಞಾನಿಗೆ ಬೇಕಾದದ್ದು ಮೊದಲನೆಯ ಉತ್ತರ.

ಶೇಂಗಾದ ಕಥೆ ಬೇರೆ. ಅದು ಎರಡು ಕಾಡು ಪ್ರಭೇದಗಳ ಸಂಕರದಿಂದ ಹುಟ್ಟಿದ ಚತುರ್ಗುಣಿತ ಬೆಳೆ. ಎ ಮತ್ತು ಬಿ ಎಂಬ ಎರಡು ಉಪಜೀನೋಮುಗಳು ಅದರಲ್ಲಿ ಒಟ್ಟಿಗಿವೆ. ಬಿ ಉಪಜೀನೋಮ್ ತನ್ನ ಕಾಡು ಪೂರ್ವಜ ಅರಾಕಿಸ್ ಇಪೆಯೆನ್ಸಿಸ್‌ನೊಂದಿಗೆ ಡಿಎನ್‌ಎ ಮಟ್ಟದಲ್ಲಿ ಶೇಕಡ 99.96ರಷ್ಟು ಹೋಲುತ್ತದೆ. ಹೀಗಿರುವಾಗ ಶೇಂಗಾವನ್ನು ಒಂದೇ ಪ್ರಭೇದವೆಂದು ತಂತ್ರಾಂಶಕ್ಕೆ ಕೊಟ್ಟರೆ ಹೋಮಿಯೊಲಾಗ್‌ಗಳೆಲ್ಲ ಇತ್ತೀಚಿನ ಇಮ್ಮಡಿಕೆಯಂತೆ ತೋರುತ್ತವೆ. ಎರಡು ಉಪಜೀನೋಮುಗಳನ್ನು ಎರಡು ಪ್ರಭೇದಗಳೆಂದೇ ಬೇರೆ ಕಡತಗಳಲ್ಲಿ ಕೊಡುವುದು ಒಳ್ಳೆಯ ರೂಢಿ. ಹತ್ತಿಯಲ್ಲಿ ಇದು ತಳಿಯನ್ನು ಅವಲಂಬಿಸಿದೆ: ಧಾರವಾಡದ ಹಳೆಯ ಜಯಧರ ತಳಿ ದ್ವಿಗುಣಿತ ಹರ್ಬೇಸಿಯಂ, ಈಗ ವ್ಯಾಪಕವಾಗಿರುವ ಹಿರ್ಸುಟಂ ಚತುರ್ಗುಣಿತ.

ಒಂದು ಗುಂಪಿನಲ್ಲಿ ಯಾರಿದ್ದಾರೆ ಎಂಬುದರಷ್ಟೇ ಯಾರಿಲ್ಲ ಎಂಬುದೂ ತಿಳಿವಳಿಕೆ ಕೊಡುತ್ತದೆ. ಪ್ರತಿ ಪ್ರೋಟೀನಿಗೆ ಯಾವ ಪ್ರಭೇದದಲ್ಲಿ ಇದೆ, ಯಾವುದರಲ್ಲಿ ಇಲ್ಲ ಎಂಬ ಸಾಲು ಬರೆದು, ಸಾಲುಗಳು ಹೊಂದುವ ಪ್ರೋಟೀನುಗಳು ಒಟ್ಟಿಗೆ ಕೆಲಸ ಮಾಡುತ್ತವೆಂದು ಊಹಿಸುವ ವಿಧಾನವನ್ನು ಕ್ಯಾಲಿಫೋರ್ನಿಯಾದ ಮಟ್ಟೆಯೊ ಪೆಲೆಗ್ರಿನಿ ಮತ್ತು ಸಂಗಡಿಗರು 1999ರಲ್ಲಿ ಕೊಟ್ಟರು. ಬೇರುಗಂಟಿನ ಜೀನುಗಳಲ್ಲಿ ಇದು ಸೊಗಸಾಗಿ ಕಾಣುತ್ತದೆ. ಬೇರಿಗೆ ಶಿಲೀಂಧ್ರ ಮತ್ತು ರೈಜೋಬಿಯಂ ಬ್ಯಾಕ್ಟೀರಿಯ ಎರಡನ್ನೂ ಬರಮಾಡಿಕೊಳ್ಳುವ ಸಂಕೇತ ಮಾರ್ಗದ ಸಿಮ್‌ಆರ್‌ಕೆ, ಸಿಸಿಎಎಂಕೆ ಮೊದಲಾದ ಪ್ರೋಟೀನುಗಳು ಕಡಲೆ, ಶೇಂಗಾಗಳಲ್ಲಷ್ಟೇ ಅಲ್ಲ, ಬೇರುಗಂಟೇ ಇಲ್ಲದ ಭತ್ತದಲ್ಲೂ ಇವೆ, ಏಕೆಂದರೆ ಭತ್ತದ ಬೇರು ಶಿಲೀಂಧ್ರದೊಂದಿಗೆ ಸಹವಾಸ ಮಾಡುತ್ತದೆ. ಆ ಸಹವಾಸ ಬಿಟ್ಟ ಅರಬಿಡಾಪ್ಸಿಸ್‌ನಲ್ಲಿ ಅವು ಇಲ್ಲ. ನಿನ್ ಎಂಬ ಜೀನು ಇನ್ನೂ ನಿರ್ದಿಷ್ಟ: ಬೇರುಗಂಟು ಕಟ್ಟುವ ಶಕ್ತಿ ಕಳೆದುಕೊಂಡ ಹಲವು ಸಸ್ಯಗಳಲ್ಲಿ ಅದೂ ಕಳೆದುಹೋಗಿದೆ ಎಂದು 2018ರಲ್ಲಿ ಪ್ರಕಟವಾದ ಜೀನೋಮ್ ಹೋಲಿಕೆಗಳು ತೋರಿಸಿದವು. ಅರಬಿಡಾಪ್ಸಿಸ್ ಒಂದನ್ನೇ ಮಾದರಿಯಾಗಿಟ್ಟು ಕಡಲೆಯ ಜೀನುಗಳಿಗೆ ಹೆಸರಿಟ್ಟರೆ, ಕಡಲೆಯನ್ನು ಕಡಲೆಯಾಗಿಸುವ ಈ ಭಾಗವೇ ಖಾಲಿ ಉಳಿಯುತ್ತದೆ. ಇನ್ನು ಕಡಲೆ ಬೀಜೋಪಚಾರಕ್ಕೆ ಬಳಸುವ ಮೀಸೊರೈಜೋಬಿಯಂನಂಥ ಬ್ಯಾಕ್ಟೀರಿಯಗಳಲ್ಲಿ ಸಹಜೀವನದ ಜೀನುಗಳು ಒಂದರಿಂದ ಇನ್ನೊಂದಕ್ಕೆ ಗುಂಪಾಗಿ ದಾಟಬಲ್ಲವು. ಅವು ಕ್ಸೀನೊಲಾಗ್‌ಗಳು, ಅವುಗಳ ವೃಕ್ಷ ಬ್ಯಾಕ್ಟೀರಿಯದ ಪ್ರಭೇದ ವೃಕ್ಷವನ್ನು ಒಪ್ಪುವುದಿಲ್ಲ.

ಬರ ತಡೆಯುವ ಗುಣದಲ್ಲಿ ಇದರ ನೇರ ಉಪಯೋಗವಿದೆ. ಹಿಂಗಾರಿನಲ್ಲಿ ಎರೆಮಣ್ಣಿನ ಉಳಿದ ತೇವದಲ್ಲೇ ಬೆಳೆಯುವ ಕಡಲೆಯಲ್ಲಿ ಬೇರು ಮತ್ತು ಬರಸಹಿಷ್ಣುತೆಯ ಹಲವು ಗುಣಗಳನ್ನು ನಿಯಂತ್ರಿಸುವ ಒಂದು ಜಾಗ ನಾಲ್ಕನೆಯ ಸಹಲಗ್ನ ಗುಂಪಿನಲ್ಲಿದೆ. ಪಟಾನ್‌ಚೆರುವಿನ ಇಕ್ರಿಸ್ಯಾಟ್ ಕೇಂದ್ರಿತ ತಂಡ 2015ರಲ್ಲಿ ಅದನ್ನು 26 ಜೀನುಗಳಷ್ಟು ಕಿರಿದಾಗಿಸಿತು. ಆ 26ರಲ್ಲಿ ಪ್ರಯೋಗಕ್ಕೆ ಮೊದಲು ಯಾವುದನ್ನು ಎತ್ತಿಕೊಳ್ಳಬೇಕು ಎಂಬ ಆಯ್ಕೆಯಲ್ಲಿ ಬೇರೆ ಸಸ್ಯಗಳ ಆರ್ಥೊಲಾಗ್‌ಗಳ ಕೆಲಸ ಮುಖ್ಯ ಸುಳಿವು. ಇಲ್ಲಿ ಒಂದು ಗಡಿಯನ್ನೂ ಗುರುತಿಸಬೇಕು. ಅಣ್ಣಿಗೇರಿ ಭಾಗದ ಕಡಲೆಯಿಂದ ಆಯ್ದು ಬೆಳೆಸಿದ ಅಣ್ಣಿಗೇರಿ-1 ತಳಿಗೆ ಸೊರಗು ರೋಗದ ನಿರೋಧ ಸೇರಿಸಿ ಸೂಪರ್ ಅಣ್ಣಿಗೇರಿ-1 ಮಾಡಿದ್ದು ಡಬ್ಲ್ಯೂಆರ್ 315 ತಳಿಯೊಂದಿಗಿನ ಸಂಕರ ಮತ್ತು ಡಿಎನ್‌ಎ ಗುರುತುಗಳ ಸಹಾಯದ ಆಯ್ಕೆಯಿಂದ. ಗುರುತು ಜಾಗವನ್ನು ಹೇಳುತ್ತದೆ. ಆ ಜಾಗದಲ್ಲಿರುವ ಪ್ರೋಟೀನುಗಳು ಯಾವ ಕುಲದವು ಎಂಬುದನ್ನು ಆರ್ಥೊಗುಂಪು ಹೇಳುತ್ತದೆ.

ಮೆಣಸಿನಕಾಯಿಯ ಉದಾಹರಣೆ ಎಚ್ಚರಿಕೆ ಕಲಿಸುವಂಥದು. ಕುಂದಗೋಳ ಕಡೆಯ ಹೊಲಗಳಲ್ಲೂ ಬೆಳೆಯುವ ಬ್ಯಾಡಗಿ ಮೆಣಸಿನಕಾಯಿಯ ಬೆಲೆ ನಿಂತಿರುವುದು ಬಣ್ಣದ ಮೇಲೆ. ಆ ಕೆಂಪಿನ ಮುಖ್ಯ ವರ್ಣದ್ರವ್ಯ ಕ್ಯಾಪ್ಸ್ಯಾಂಥಿನ್; ಅದನ್ನು ಮಾಡುವ ಕಿಣ್ವ ಸಿಸಿಎಸ್, ಲೈಕೊಪೀನ್ ಸೈಕ್ಲೇಸ್ ಕುಟುಂಬಕ್ಕೆ ಸೇರಿದ್ದು. ಟೊಮೆಟೊದಲ್ಲಿ ಅದರ ಆರ್ಥೊಲಾಗ್ ಸಿವೈಸಿ-ಬಿ. ಎರಡೂ ಆಯಾ ಸಸ್ಯದ ಆರನೆಯ ಕ್ರೋಮೊಸೋಮಿನಲ್ಲಿವೆ. ಆದರೆ ಟೊಮೆಟೊದ ಕಿಣ್ವ ಮಾಡುವುದು ಬೀಟಾ ಕ್ಯಾರೊಟಿನ್. ಟೊಮೆಟೊದಲ್ಲಿ ಕ್ಯಾಪ್ಸ್ಯಾಂಥಿನ್ ಇಲ್ಲ. ಸರಣಿ ಹತ್ತಿರ, ಪೂರ್ವಜ ಒಂದೇ, ಕೆಲಸ ಬೇರೆ. ಆರ್ಥೊಲಾಗ್ ಎಂಬುದು ವಂಶದ ಬಗೆಗಿನ ಹೇಳಿಕೆ, ಕೆಲಸದ ಖಾತರಿಯಲ್ಲ.

ಪ್ರೋಟೀನ್ ಸಂಕೀರ್ಣಗಳ ಶೋಧ

ಪ್ರೋಟೀನುಗಳು ಬಿಡಿಬಿಡಿಯಾಗಿ ಕೆಲಸ ಮಾಡುವುದು ಕಡಿಮೆ. ಹಲವು ಸೇರಿ ಕಟ್ಟಿದ ಸಂಕೀರ್ಣವೇ ಪ್ರಭೇದದಿಂದ ಪ್ರಭೇದಕ್ಕೆ ಉಳಿದುಬಂದಿದೆಯೇ ಎಂದು ಹುಡುಕುವುದು ಈ ಕ್ಷೇತ್ರದ ಎರಡನೆಯ ಕವಲು. ಇಲ್ಲಿ ಎರಡು ಪ್ರಭೇದಗಳ ಪ್ರೋಟೀನ್ ಸಂಪರ್ಕ ಜಾಲಗಳನ್ನು ಒಂದರ ಮೇಲೊಂದು ಹೊಂದಿಸುತ್ತಾರೆ; ಆರ್ಥೊಲಾಗ್‌ಗಳು ಎರಡು ಜಾಲಗಳನ್ನು ಹೊಲಿಯುವ ಎಳೆಗಳಾಗುತ್ತವೆ. 2003ರ ಪಾಥ್‌ಬ್ಲಾಸ್ಟ್ ಸಂರಕ್ಷಿತ ಮಾರ್ಗಗಳನ್ನು ಹುಡುಕಿತು. 2005ರಲ್ಲಿ ರೋಡೆಡ್ ಶರಣ್ ಮತ್ತು ಸಂಗಡಿಗರು ಯೀಸ್ಟ್, ದುಂಡುಹುಳು ಮತ್ತು ಹಣ್ಣಿನ ನೊಣಗಳ ಜಾಲಗಳನ್ನು ಹೊಂದಿಸಿ 71 ಸಂರಕ್ಷಿತ ಜಾಲಭಾಗಗಳನ್ನು ವರದಿ ಮಾಡಿದರು. ಸಸ್ಯಗಳಲ್ಲಿ ಪ್ರಮುಖವಾದದ್ದು 2020ರ ಸರ್ವಸಸ್ಯ ಸಂಕೀರ್ಣ ನಕ್ಷೆ: 13 ಸಸ್ಯಪ್ರಭೇದಗಳ ಪ್ರೋಟೀನುಗಳನ್ನು ಭೌತಿಕವಾಗಿ ಬೇರ್ಪಡಿಸಿ, ಒಟ್ಟಿಗೆ ಹರಿದವನ್ನು ಆರ್ಥೊಗುಂಪುಗಳ ಮಟ್ಟದಲ್ಲಿ ಕೂಡಿಸಿ ಅದನ್ನು ಕಟ್ಟಲಾಯಿತು. ಸಂಪರ್ಕ ಪ್ರಯೋಗಗಳು ಬಹಳ ಕಡಿಮೆಯಿರುವ ಕಡಲೆ, ಹೆಸರಿನಂಥ ಬೆಳೆಗಳಿಗೆ ಇಂಥ ನಕ್ಷೆಗಳೇ ಸದ್ಯದ ಆಸರೆ.

ದೋಷಗಳು ಮತ್ತು ಮಿತಿಗಳು

ತಪ್ಪುಗಳ ದೊಡ್ಡ ಪಾಲು ಗುಂಪುಗಾರಿಕೆಯಲ್ಲಿ ಹುಟ್ಟುವುದಿಲ್ಲ, ಕೊಟ್ಟ ದತ್ತದಲ್ಲೇ ಇರುತ್ತದೆ. ಗುರುತಿಸದೆ ಬಿಟ್ಟ ಜೀನು ಕಳೆದುಹೋದ ಜೀನಿನಂತೆ, ಎರಡಾಗಿ ತುಂಡಾದ ಜೀನು ಇಮ್ಮಡಿಕೆಯಂತೆ ಕಾಣುತ್ತದೆ. ಒಂದು ಜೀನಿನ ಹಲವು ಪ್ರೋಟೀನ್ ರೂಪಗಳನ್ನು ಹಾಗೆಯೇ ಬಿಟ್ಟರೆ ಅವು ಪ್ಯಾರಲಾಗ್‌ಗಳಾಗಿ ಎಣಿಕೆಗೆ ಬರುತ್ತವೆ. ಆದ್ದರಿಂದ ಪ್ರತಿ ಜೀನಿಗೆ ಅತಿ ಉದ್ದದ ಒಂದು ರೂಪವನ್ನು ಮಾತ್ರ ಇಟ್ಟುಕೊಳ್ಳುವುದು ವಾಡಿಕೆ.

ರೋಗನಿರೋಧಕ ಎನ್‌ಬಿಎಸ್-ಎಲ್‌ಆರ್‌ಆರ್ ಕುಟುಂಬ ಎಲ್ಲ ವಿಧಾನಗಳಿಗೂ ಕಠಿಣ. ಈ ಜೀನುಗಳು ಸಾಲಾಗಿ ಇಮ್ಮಡಿಸುತ್ತವೆ, ತಮ್ಮತಮ್ಮಲ್ಲಿ ತುಣುಕುಗಳನ್ನು ಬದಲಾಯಿಸಿಕೊಳ್ಳುತ್ತವೆ, ಬೇಗ ಅಳಿಯುತ್ತವೆ. ಧಾರವಾಡದ ಕೃಷಿ ವಿಶ್ವವಿದ್ಯಾನಿಲಯದ ಜಿಪಿಬಿಡಿ-4 ಶೇಂಗಾ ತಳಿ ಇದಕ್ಕೆ ಹತ್ತಿರದ ಸಾಕ್ಷಿ. ತುಕ್ಕು ಮತ್ತು ಎಲೆಚುಕ್ಕೆ ರೋಗಗಳನ್ನು ತಡೆಯುವ ಅದರ ಶಕ್ತಿ ಅರಾಕಿಸ್ ಕಾರ್ಡೆನಾಸಿ ಎಂಬ ಕಾಡು ಪ್ರಭೇದದಿಂದ ಬಂದ ಕ್ರೋಮೊಸೋಮ್ ತುಂಡಿನಲ್ಲಿದೆ. ಆ ತುಂಡಿನ ಜೀನುಗಳನ್ನು ಬೇರೊಂದು ಶೇಂಗಾ ತಳಿಯ ಜೀನೋಮಿನಲ್ಲಿ ಹುಡುಕಿದರೆ ಅತಿ ಹತ್ತಿರದ ಹೊಂದಿಕೆ ಸಿಗಬಹುದು, ಸರಿಯಾದ ಆರ್ಥೊಲಾಗ್ ಅಲ್ಲಿ ಇಲ್ಲದೆಯೇ ಇರಬಹುದು.

ಆರ್ಥೊಲಾಗ್‌ಗಳ ಕೆಲಸ ಪ್ಯಾರಲಾಗ್‌ಗಳದಕ್ಕಿಂತ ಹೆಚ್ಚು ಸಮಾನ ಎಂಬ ನಂಬಿಕೆಯನ್ನು 2011ರಲ್ಲಿ ನಾಥನ್ ನೆರ್ಟ್ ಮತ್ತು ಸಂಗಡಿಗರು ಪ್ರಶ್ನಿಸಿದರು. ಮುಂದಿನ ವರ್ಷ ಅಡ್ರಿಯನ್ ಆಲ್ಟೆನ್‌ಹಾಫ್ ಮತ್ತು ಸಂಗಡಿಗರು, ದತ್ತದ ಪಕ್ಷಪಾತಗಳನ್ನು ಸರಿಪಡಿಸಿದಾಗ ವ್ಯತ್ಯಾಸ ಚಿಕ್ಕದಾದರೂ ನಿಜ ಎಂದು ತೋರಿಸಿದರು. ಒಮ್ಮೆ ತಪ್ಪಾಗಿ ಬರೆದ ಕೆಲಸದ ವಿವರ ಗುಂಪಿನ ಮೂಲಕ ಹತ್ತಾರು ಪ್ರಭೇದಗಳಿಗೆ ಹರಡುವುದು ಇಂದಿಗೂ ಗಂಭೀರ ಸಮಸ್ಯೆ.

ಉಪಯೋಗಗಳು

ಜೀನುಗಳಿಗೆ ಕೆಲಸದ ವಿವರ ಬರೆಯುವುದು ಮೊದಲ ಉಪಯೋಗ. ಹೈಡೆಲ್‌ಬರ್ಗಿನಲ್ಲಿ ಬೆಳೆದ ಎಗ್‌ನಾಗ್ ಸಂಚಯದ 2019ರ ಆವೃತ್ತಿಯಲ್ಲಿ 5,090 ಜೀವಿಗಳ 44 ಲಕ್ಷ ಆರ್ಥೊಲಾಗ್ ಗುಂಪುಗಳಿದ್ದವು; ಹೊಸ ಜೀನೋಮಿನ ಪ್ರೋಟೀನುಗಳನ್ನು ಅದರೊಂದಿಗೆ ಹೋಲಿಸಿ ಹೆಸರಿಡುವುದು ಸಾಮಾನ್ಯ ಕ್ರಮ. ಜೀನೋಮ್ ಜೋಡಣೆಯ ಪೂರ್ಣತೆ ಅಳೆಯಲು ಬುಸ್ಕೊ ಎಂಬ ಸಾಧನವಿದೆ: ಒಂದು ವಂಶದ ಬಹುತೇಕ ಎಲ್ಲ ಪ್ರಭೇದಗಳಲ್ಲೂ ಒಂದೇ ಪ್ರತಿಯಾಗಿರುವ ಜೀನುಗಳ ಪಟ್ಟಿಯಲ್ಲಿ ಎಷ್ಟು ಸಿಕ್ಕವೆಂದು ಎಣಿಸುತ್ತದೆ. ಅದರ ಜೀನ್ ಪಟ್ಟಿಗಳ ಹತ್ತನೆಯ ಆವೃತ್ತಿಯಲ್ಲಿ ನೆಲಸಸ್ಯಗಳಿಗೆ 1,614, ದ್ವಿದಳ ಗಣಕ್ಕೆ 5,366 ಜೀನುಗಳಿದ್ದವು. ಒಂದೇ ಪ್ರತಿಯ ಆರ್ಥೊಲಾಗ್‌ಗಳಿಂದಲೇ ಪ್ರಭೇದಗಳ ವಂಶವೃಕ್ಷ ಕಟ್ಟುತ್ತಾರೆ. ಒಂದು ಬೆಳೆಯ ಎಲ್ಲ ತಳಿಗಳಲ್ಲೂ ಇರುವ ಜೀನುಗಳು ಯಾವುವು, ಕೆಲವದರಲ್ಲಷ್ಟೇ ಇರುವುವು ಯಾವುವು ಎಂಬ ವಿಂಗಡಣೆಗೂ ಇವೇ ವಿಧಾನಗಳು ಆಧಾರ. 2021ರಲ್ಲಿ 3,366 ಕಡಲೆ ಜೀನೋಮುಗಳಿಂದ ಕಟ್ಟಿದ ಸರ್ವಜೀನೋಮಿನಲ್ಲಿ 29,870 ಜೀನುಗಳನ್ನು ಎಣಿಸಲಾಯಿತು.

ಕರ್ನಾಟಕದಲ್ಲಿ

ಪ್ರೋಟೀನ್ ಕುಟುಂಬಗಳ ಅಧ್ಯಯನದಲ್ಲಿ ಬೆಂಗಳೂರಿಗೆ ಗಟ್ಟಿಯಾದ ಪರಂಪರೆಯಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್. ಶ್ರೀನಿವಾಸನ್ ಅವರ ಬಳಗ ಸಮಮೂಲ ಪ್ರೋಟೀನುಗಳ ರಚನೆಗಳನ್ನು ಹೊಂದಿಸಿ ವಂಶವೃಕ್ಷ ಕೊಡುವ ಪಾಲಿ ಸಂಚಯವನ್ನು 2001ರಲ್ಲಿ ಪ್ರಕಟಿಸಿತು. ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರದಲ್ಲಿ ಆರ್. ಸೌಧಾಮಿನಿ ಅವರ ಬಳಗ ಪಾಸ್2 ಎಂಬ ಮಹಾಕುಟುಂಬಗಳ ಸಂಚಯವನ್ನು ಕಟ್ಟಿತು; ಸರಣಿಯ ಹೋಲಿಕೆ ತೀರ ತಗ್ಗಿದ ಮೇಲೂ ಮಡಿಕೆಯ ರೂಪ ಉಳಿದಿರುವ ಪ್ರೋಟೀನುಗಳು ಅದರ ವಿಷಯ. ಅದೇ ಕೇಂದ್ರ 2015ರಲ್ಲಿ ತುಳಸಿಯ ಜೀನೋಮ್ ಪ್ರಕಟಿಸಿ, ಔಷಧೀಯ ಸಂಯುಕ್ತಗಳನ್ನು ಮಾಡುವ ಕಿಣ್ವಗಳನ್ನು ಬೇರೆ ಸಸ್ಯಗಳ ಜೀನುಗಳ ಹೋಲಿಕೆಯಿಂದ ಗುರುತಿಸಿತು. ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೊಇನ್‌ಫರ್ಮ್ಯಾಟಿಕ್ಸ್ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದೊಂದಿಗೆ 2003ರಲ್ಲಿ ಹೊರತಂದ ಮಾನವ ಪ್ರೋಟೀನ್ ಸಂಚಯ, ಜಾಲ ಹೊಂದಿಸುವ ವಿಧಾನಗಳಿಗೆ ಬಹುಕಾಲ ಕಚ್ಚಾ ಸಾಮಗ್ರಿ ಒದಗಿಸಿತು. 1986ರಲ್ಲಿ ಸ್ಥಾಪನೆಯಾದ ಧಾರವಾಡ ಕೃಷಿ ವಿಶ್ವವಿದ್ಯಾನಿಲಯದ ಕೆಲಸ ಇನ್ನೊಂದು ತುದಿಯದು: ಶೇಂಗಾ, ಹತ್ತಿ, ಗೋದಿಗಳ ತಳಿಗಳನ್ನು ಹೊಲದಲ್ಲಿ ಅಳೆದು ಗುಣದ ಜಾಗಗಳನ್ನು ಗುರುತಿಸುವುದು. ಗಣಕ ಗುಂಪುಗಳ ಊಹೆಗಳು ನಿಜವೋ ಸುಳ್ಳೋ ಎಂದು ಕೊನೆಗೆ ಗೊತ್ತಾಗುವುದು ಅಂಥ ಅಳತೆಗಳಿಂದ.

ಈಗಿನ ಸ್ಥಿತಿ

2009ರಲ್ಲಿ ಇಂಗ್ಲೆಂಡಿನ ಹಿಂಕ್ಸ್‌ಟನ್‌ನಲ್ಲಿ ಮೊದಲು ಸೇರಿದ ಕ್ವೆಸ್ಟ್ ಫಾರ್ ಆರ್ಥೊಲಾಗ್ಸ್ ಕೂಟ ಎಲ್ಲ ವಿಧಾನಗಳಿಗೂ ಒಂದೇ ಆಕರ ಪ್ರೋಟೀನ್ ಕಡತ ಕೊಟ್ಟು, ಫಲಿತಾಂಶಗಳನ್ನು ಒಂದೇ ಒರೆಗಲ್ಲಿಗೆ ಹಚ್ಚುವ ವ್ಯವಸ್ಥೆ ನಡೆಸುತ್ತಿದೆ. ಯಾವ ವಿಧಾನವೂ ಎಲ್ಲ ಪರೀಕ್ಷೆಗಳಲ್ಲೂ ಮೇಲುಗೈ ಪಡೆದಿಲ್ಲ. ಕಟ್ಟುನಿಟ್ಟಾದವು ಕಡಿಮೆ ಜೋಡಿಗಳನ್ನು ಹೆಚ್ಚು ನಿಖರವಾಗಿ, ಸಡಿಲವಾದವು ಹೆಚ್ಚು ಜೋಡಿಗಳನ್ನು ಕಡಿಮೆ ನಿಖರವಾಗಿ ಕೊಡುತ್ತವೆ.

ಪ್ರಭೇದಗಳ ಸಂಖ್ಯೆ ಸಾವಿರಗಳನ್ನು ದಾಟಿರುವುದರಿಂದ ಎಲ್ಲವನ್ನೂ ಎಲ್ಲದರೊಂದಿಗೆ ಹೋಲಿಸುವುದು ಮತ್ತೆ ಭಾರವಾಗಿದೆ. ಫಾಸ್ಟ್‌ಓಎಂಎಯಂಥ ಹೊಸ ತಂತ್ರಾಂಶಗಳು ಪ್ರೋಟೀನುಗಳನ್ನು ಮೊದಲು ತಿಳಿದಿರುವ ಕುಟುಂಬಗಳಿಗೆ ಸೇರಿಸಿ, ಆಮೇಲೆ ಪ್ರಭೇದ ವೃಕ್ಷದ ಎಲೆಗಳಿಂದ ಬೇರಿನ ಕಡೆಗೆ ಗುಂಪು ಕಟ್ಟುತ್ತ ಬರುತ್ತವೆ. ಇನ್ನೊಂದು ಬದಲಾವಣೆ ರಚನೆಯದು. 2021ರ ಆಲ್ಫಾಫೋಲ್ಡ್ ಸರಣಿಯಿಂದಲೇ ಮಡಿಕೆಯನ್ನು ಊಹಿಸಿತು. ಮರುವರ್ಷ ಅದರ ಸಂಚಯದಲ್ಲಿ 20 ಕೋಟಿಗೂ ಹೆಚ್ಚು ರಚನೆಗಳು ಸೇರಿದವು. ಫೋಲ್ಡ್‌ಸೀಕ್ ಆ ರಚನೆಗಳನ್ನು ಅಕ್ಷರಮಾಲೆಯಾಗಿ ಬರೆದು ಸರಣಿಗಳಷ್ಟೇ ವೇಗವಾಗಿ ಹೋಲಿಸುತ್ತದೆ. 2023ರಲ್ಲಿ ಇದೇ ಬಗೆಯ ಹೋಲಿಕೆಯಿಂದ ಒಂದಕ್ಕಿಂತ ಹೆಚ್ಚು ಸದಸ್ಯರಿರುವ ಸುಮಾರು 23 ಲಕ್ಷ ರಚನಾಗುಂಪುಗಳನ್ನು ವಿಂಗಡಿಸಲಾಯಿತು. ಸರಣಿಯಲ್ಲಿ ಅಳಿಸಿಹೋದ ನಂಟನ್ನು ರಚನೆ ಹಿಡಿದುಕೊಡುತ್ತದೆ. ಆದರೆ ರಚನೆಯ ಹೋಲಿಕೆ ಇಮ್ಮಡಿಕೆಯನ್ನೂ ಪ್ರಭೇದೋತ್ಪತ್ತಿಯನ್ನೂ ಬೇರ್ಪಡಿಸಲಾರದು. ಅದಕ್ಕೆ ವಂಶವೃಕ್ಷವೇ ಬೇಕು.

ಆರ್ಥೊಫೈಂಡರ್, ಡೈಮಂಡ್, ಫೋಲ್ಡ್‌ಸೀಕ್ ಮೂರೂ ಮುಕ್ತ ತಂತ್ರಾಂಶಗಳು. ಕಡಲೆ, ಹೆಸರು, ಸೋಯಾಬೀನ್, ಶೇಂಗಾ, ಮೆಣಸಿನಕಾಯಿ, ಹತ್ತಿ ಮತ್ತು ಜೋಳಗಳ ಪ್ರೋಟೀನ್ ಕಡತಗಳು ಸಾರ್ವಜನಿಕ ಸಂಚಯಗಳಲ್ಲಿ ಉಚಿತವಾಗಿ ಸಿಗುತ್ತವೆ. ಇಷ್ಟು ಬೆಳೆಗಳ ಆರ್ಥೊಗುಂಪುಗಳನ್ನು ಕಟ್ಟಲು ಕಾಲೇಜಿನ ಪ್ರಯೋಗಾಲಯದ ಒಂದು ಒಳ್ಳೆಯ ಕಂಪ್ಯೂಟರು ಸಾಕಾಗುತ್ತದೆ.